ಹೊನ್ನಾಳಿಯವರು ಕಟ್ಟಿಸಿಕೊಟ್ಟ ಹಲ್ಲು

ಹೋದ ತಿಂಗಳು ನನ್ನ ಮುಂದಿನ ಎರಡು ಹಲ್ಲು ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟವು. ಅರವತ್ತು ದಾಟಿದವಳಿಗೆ ಇದೇನೂ ದೊಡ್ಡ ಸುದ್ದಿಯಲ್ಲ. ದಾವಣಗೆರೆಗೆ ಹೋಗಿ ಹೊಸದು ಕಟ್ಟಿಸಿಕೊಂಡೆ. ಕೂರಿಸಿದ ಡಾಕ್ಟರು ಇನ್ನೂ ಚಿಕ್ಕ ಹುಡುಗಿ. ಕೆಲಸ ಮುಗಿದ ಮೇಲೆ, "ಎಲ್ಲಿ ಆಂಟಿ, ಒಂದ್ಸಲ ಸ ಅನ್ನಿ. ಸ, ಸ, ಸ" ಎಂದಳು. ಗಾಳಿ ಎಲ್ಲಿಂದ ಸೋರುತ್ತದೆ ಎಂದು ನೋಡುವುದಕ್ಕೆ ಹಾಗೆ ಅನ್ನಿಸುತ್ತಾರಂತೆ. ನಾನು ಬಾಯಿ ತೆರೆದೆ. ಸ ಬರಲಿಲ್ಲ, ನಗು ಬಂತು. ಬಂದದ್ದು ನಿಲ್ಲಲೂ ಇಲ್ಲ. ಆ ಹುಡುಗಿ ಗಾಬರಿಯಾಗಿ ಹೊರಗೆ ಕೂತಿದ್ದ ನನ್ನ ಸೊಸೆಯನ್ನು ಕರೆದು, ಇಂಜೆಕ್ಷನ್‌ನಿಂದ ಕೆಲವರಿಗೆ ಹೀಗಾಗುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದಳು. ಇದು ಇಂಜೆಕ್ಷನ್ನಿನದಲ್ಲ ತಾಯಿ, ಸಿಳ್ಳೆ ಸಿದ್ದಪ್ಪನದು ಎಂದು ಹೇಳಬೇಕೆಂದುಕೊಂಡೆ. ಆದರೆ ಹೊರಗೆ ಇನ್ನೂ ಆರು ಜನ ದವಡೆ ಹಿಡಿದುಕೊಂಡು ಕಾಯುತ್ತಿದ್ದರು. ನೋವಿನಲ್ಲಿರುವವರ ಹೊತ್ತನ್ನು ನನ್ನ ಕತೆ ತಿನ್ನುವುದು ಬೇಡವೆಂದು ಸುಮ್ಮನೆ ಎದ್ದು ಬಂದೆ. ನಿಮಗೆ ಹಲ್ಲುನೋವಿಲ್ಲ, ಸ್ವಲ್ಪ ಪುರುಸೊತ್ತೂ ಇದೆ ಎಂದುಕೊಂಡು ಈಗ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮ ಸೀಮೆಯಲ್ಲಿ ನಾಟಕದ ಕಂಪನಿಗಳು ಊರಿಂದೂರಿಗೆ ಸಂಸಾರ ಸಮೇತ ತಿರುಗುತ್ತಿದ್ದವು. ಚನ್ನಗಿರಿಯಲ್ಲಿ ಒಂದಷ್ಟು ತಿಂಗಳು, ಹೊನ್ನಾಳಿಯಲ್ಲಿ ಒಂದಷ್ಟು ತಿಂಗಳು, ಅಲ್ಲಿಂದ ನ್ಯಾಮತಿ, ಇಲ್ಲವೆಂದರೆ ಜಗಳೂರು. ಲಾರಿಯಲ್ಲಿ ತಗಡು, ಬೊಂಬು, ಪರದೆ, ಕಿರೀಟ, ಹಾಸಿಗೆ, ಅವಲಕ್ಕಿ ಡಬ್ಬ ಎಲ್ಲ ಒಟ್ಟಿಗೆ ಬಂದಿಳಿಯುತ್ತಿದ್ದವು. ವಾರದೊಳಗೆ ತಗಡಿನ ಥಿಯೇಟರು ಎದ್ದು ನಿಲ್ಲುತ್ತಿತ್ತು. ನಾಯಕ ಚೆನ್ನಾಗಿ ಹಾಡುತ್ತಾನೆ ಎಂದು ಜನ ಹೊಗಳುತ್ತಿದ್ದರು, ಖಳನಾಯಕನಿಗೆ ಬೀದಿಯಲ್ಲಿ ಕಂಡಾಗ ಕಾಫಿ ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು. ಆದರೆ ಆಟಕ್ಕೆ ಹೊರಡುವ ಮುಂಚೆ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹಾಸ್ಯ ಯಾರ್ದು?" ಸಿದ್ದಪ್ಪಂದು ಅಂದರೆ ಮುಗಿಯಿತು, ಅಡುಗೆಮನೆಯ ಬೆಂಕಿ ಬೇಗ ಆರುತ್ತಿತ್ತು.

ಸಿದ್ದಪ್ಪ ಮಾಮನ ಬಾಯಲ್ಲಿ ಆಗ ಇದ್ದದ್ದು ಮೂರೇ ಹಲ್ಲು. ಕೆಳಗೆ ಎರಡು, ಮೇಲೆ ಎಡಗಡೆ ಒಂದು. ಕೆಳಗಿನ ಎರಡಕ್ಕೆ ಯಾವ ಕೆಲಸವೂ ಇರಲಿಲ್ಲ. ಮೇಲಿನದು ಮಾತ್ರ ದನ ಕಟ್ಟುವ ಗೂಟದ ಹಾಗೆ ಒಂಟಿಯಾಗಿ ನಿಂತಿತ್ತು. ಅವರು ಸ ಅಂದಾಗಲೆಲ್ಲ ಗಾಳಿ ಅದಕ್ಕೆ ತಾಗಿ ಸಣ್ಣ ಸಿಳ್ಳೆಯಾಗಿ ಹೊರಬರುತ್ತಿತ್ತು. ಅವರ ಹೆಸರುವಾಸಿಯಾದ ಪಾತ್ರ ಎರಡನೇ ಮದುವೆಗೆ ಹೊರಟ ಒಬ್ಬ ಶಾನುಭೋಗನದು. ಛತ್ರಿ ಹಿಡಿದು ಒಳಗೆ ಬಂದು ನಾಕು ಹೆಜ್ಜೆ ಹಾಕಿ, "ಸಾವಿತ್ರೀ, ಸೊಪ್ಪಿನ ಸಾರು ಸೋಸಿದ್ಯಾ?" ಎಂದು ಕೇಳುವುದು ಅವರ ಮೊದಲ ಮಾತು. ಎಣಿಸಿ ನೋಡಿ, ಅದರಲ್ಲಿ ಎಷ್ಟು ಸಿಳ್ಳೆ ಇದೆ ಎಂದು. ಎರಡನೆಯ ಸಿಳ್ಳೆಗೇ ತಗಡಿನ ಥಿಯೇಟರು ನಡುಗುತ್ತಿತ್ತು. ಸಾರು ಸೋಸುವವರೆಗೂ ಕಾಯುವ ತಾಳ್ಮೆ ಯಾರಿಗೂ ಇರುತ್ತಿರಲಿಲ್ಲ.

ಹೊನ್ನಾಳಿಯಲ್ಲಿ ನಮ್ಮಪ್ಪನದು ಸೈಕಲ್ ಶಾಪು. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವುದು, ಪಂಕ್ಚರ್ ಹಾಕುವುದು. ಅದರ ಪಕ್ಕದ ಕೋಣೆಯನ್ನು ಕಂಪನಿಯವರು ಸಿದ್ದಪ್ಪ ಮಾಮನಿಗೆ ಹಿಡಿದುಕೊಟ್ಟಿದ್ದರು. ಹೀಗಾಗಿ ಊರಿಗೆಲ್ಲ ಸಂಜೆ ಸಿಗುತ್ತಿದ್ದ ಹಾಸ್ಯಗಾರ ನಮಗೆ ಬೆಳಗ್ಗೆಯಿಂದಲೇ ಸಿಗುತ್ತಿದ್ದರು. ನಿಮಗೆ ನಿರಾಶೆಯಾಗಬಹುದು, ಮನೆಯ ಹತ್ತಿರ ಅವರು ನಗುತ್ತಲೂ ಇರಲಿಲ್ಲ, ನಗಿಸುತ್ತಲೂ ಇರಲಿಲ್ಲ. ಪಂಚಾಂಗ ನೋಡುತ್ತಿದ್ದರು, ಬಟ್ಟೆ ಒಗೆದು ಅಂಚಿಗೆ ಅಂಚು ಸೇರಿಸಿ ಒಣಹಾಕುತ್ತಿದ್ದರು, ಬೀದಿಯ ಮಕ್ಕಳು ಸ ಅನ್ನು ಮಾಮ ಎಂದು ಪೀಡಿಸಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೂ ಜನ ಬಿಡಬೇಕಲ್ಲ. ಅವರು ಸಂತೆಯಲ್ಲಿ ಬದನೆಕಾಯಿ ಕೈಗೆತ್ತಿಕೊಂಡರೆ ಸುತ್ತ ನಾಕು ಜನ ನಗುವುದಕ್ಕೆ ತಯಾರಾಗಿ ನಿಲ್ಲುತ್ತಿದ್ದರು. ಒಮ್ಮೆ ನಮ್ಮ ಬೀದಿಯ ತಾತನೊಬ್ಬರು ತೀರಿಕೊಂಡಾಗ ಮಾಮ ಮರ್ಯಾದೆಯಿಂದ ಹಾರ ತಗೊಂಡು ಹೋಗಿ ಕೈಮುಗಿದರು. ಅಳುತ್ತಿದ್ದ ಅಜ್ಜಿ ತಲೆಯೆತ್ತಿ ಇವರ ಮುಖ ನೋಡಿದ್ದೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಣಿಯುತ್ತಿದ್ದುದು ಅಳುವಿನಿಂದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಆವತ್ತಿನಿಂದ ಅವರು ಸಾವಿನ ಮನೆಗೆ ಹೋಗುವುದನ್ನೇ ಬಿಟ್ಟರು.

"ನಾನು ಹಾಸ್ಯಕ್ಕೆ ಹುಟ್ಟಿದೋನಲ್ಲ ಅಕ್ಕಾ" ಎಂದು ಅವ್ವನ ಹತ್ತಿರ ಹೇಳಿಕೊಳ್ಳುತ್ತಿದ್ದರು. "ನಂದು ರಾಜನ ಪಾರ್ಟು. ಕಿರೀಟ ಇಟ್ಕಂಡು ಬಂದ್ರೆ ಹೆಂಗಸ್ರು ಹಂಗೇ ನೋಡ್ತಿದ್ರು." ಅದು ಸುಳ್ಳಲ್ಲ. ಆ ಕಾಲದ ಒಂದು ಫೋಟೋ ಅವರ ಟ್ರಂಕಿನಲ್ಲಿತ್ತು, ನಾನೂ ನೋಡಿದ್ದೇನೆ. ನಿಮಿರಿದ ಎದೆ, ಬಾಯಿ ತುಂಬ ಹಲ್ಲು. ಜಗಳೂರು ಕ್ಯಾಂಪಿನಲ್ಲಿ ಒಂದು ಸಂಜೆ ಯುದ್ಧದ ಸೀನಿನಲ್ಲಿ ಎದುರಾಳಿಯ ಮರದ ಗದೆ ಜಾರಿ ರಾಜನ ಬಾಯಿಗೆ ಬಿತ್ತು. ಮುಂದಿನ ಹಲ್ಲು ಹೋದವು. ಆದರೂ ರಾಜ ರಾಜನೇ, ರಕ್ತ ಉಗುಳಿ ಮುಂದಿನ ಮಾತು ಹೇಳಿದರಂತೆ: "ಸೇನಾಧಿಪತಿ, ಸೈನ್ಯ ಸಿದ್ಧವೇ?" ಆ ಮಾತಿಗೆ ಶತ್ರುಸೈನ್ಯವೂ ಸೇರಿದಂತೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಮಾಲೀಕರು ಅವರ ಕೈಗೆ ಛತ್ರಿ ಕೊಟ್ಟರು. ಆಮೇಲೆ ಉಳಿದ ಹಲ್ಲುಗಳೂ ವರ್ಷಕ್ಕೊಂದರಂತೆ ರಾಜನ ಹಿಂದೆ ಹೋದವು, ಹೆಸರು ಮಾತ್ರ ಊರೂರಿಗೆ ಹಬ್ಬಿತು. ದೊಡ್ಡ ಹಾಸ್ಯಗಾರರ ಬದುಕೇ ಹೀಗೆ ಎಂದು ನಾನು ಹೇಳಲಾರೆ, ನನಗೆ ಗೊತ್ತಿರುವುದು ಇವರೊಬ್ಬರೇ.

ಒಂದು ದಿನ ಅವ್ವ ಚಕ್ಕುಲಿ ಸುಟ್ಟಿದ್ದರು. ಮಾಮನಿಗೂ ತಟ್ಟೆಯಲ್ಲಿ ಇಟ್ಟುಕೊಟ್ಟರು. ಅವರು ಒಂದನ್ನು ಎತ್ತಿಕೊಂಡು ಮೂಸಿದರು, ತಿರುಗಿಸಿ ನೋಡಿದರು, ಅಷ್ಟೇ ಜೋಪಾನವಾಗಿ ತಟ್ಟೆಗೆ ಇಟ್ಟರು. "ಹಲ್ಲಿದ್ದಾಗ ಕಡ್ಲೆ ಇರ್ಲಿಲ್ಲ ಅಕ್ಕಾ, ಈಗ ಕಡ್ಲೆ ಐತೆ, ಹಲ್ಲಿಲ್ಲ" ಎಂದರು. ಎಲ್ಲರೂ ಹೇಳುವ ಗಾದೆಯೇ, ಅವ್ವ ಅಯ್ಯೋ ಪಾಪ ಅಂದು ಸುಮ್ಮನಾದರು. ನಮ್ಮಪ್ಪ ಸುಮ್ಮನಾಗುವ ಮನುಷ್ಯನಲ್ಲ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುವ ವೃತ್ತಿಯವರು, ಎಲ್ಲಿ ತೂತು ಕಂಡರೂ ಮುಚ್ಚಬೇಕು ಎನಿಸುತ್ತಿತ್ತೋ ಏನೋ. ಆವತ್ತು ಸಂಜೆಯೇ ಶಾಪಿನ ಬೆಂಚಿನ ಮೇಲೆ ಸಭೆ ಸೇರಿಸಿದರು.

ಆಗ ಒಂದು ರೂಢಿಯಿತ್ತು. ಕಂಪನಿ ಬಂದ ಪ್ರತಿ ಊರಿನವರೂ ಕ್ಯಾಂಪು ಮುಗಿಯುವುದರೊಳಗೆ ತಮಗೆ ಮೆಚ್ಚಿದ ನಟನಿಗೆ ರಂಗದ ಮೇಲೆ ಸನ್ಮಾನ ಮಾಡಬೇಕು. ಹಿಂದಿನ ಕ್ಯಾಂಪಿನಲ್ಲಿ ಚನ್ನಗಿರಿಯವರು ಸಿದ್ದಪ್ಪ ಮಾಮನಿಗೆ ಶಾಲು ಹೊದಿಸಿ, ಒಳ್ಳೆಯ ಅಡಿಕೆ ಪೋಣಿಸಿದ ದೊಡ್ಡ ಹಾರ ಹಾಕಿದ್ದರು. ಅಡಿಕೆಯ ಊರಿನವರು, ಅವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಗೊತ್ತಿಲ್ಲ. ಅದೇ ನಮ್ಮಪ್ಪನಿಗೆ ಮಾತಿಗೆ ಸಿಕ್ಕಿತು.

"ಚನ್ನಗಿರಿಯೋರು ಏನು ಕೊಟ್ರು? ಹಲ್ಲಿಲ್ಲದ ಮನುಷ್ಯಂಗೆ ಅಡಿಕೆ ಕೊಟ್ರು" ಎಂದರು ಅಪ್ಪ. "ಹೊನ್ನಾಳಿಯೋರು ಹಂಗಲ್ಲ ಅಂತ ಗೊತ್ತಾಗ್ಬೇಕು. ನಾವು ಹಲ್ಲನ್ನೇ ಕೊಡಾಣ."

ಬೆಂಚು ಭೇಷ್ ಎಂದಿತು. ಇಷ್ಟು ಒಳ್ಳೆಯ ಯೋಚನೆ ತುಂಗಭದ್ರೆಯ ಈ ದಡದಲ್ಲಿ ಇನ್ನಾರಿಗೂ ಹೊಳೆದಿರಲಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಸಿಳ್ಳೆ ಬರುತ್ತಿದ್ದುದು ಆ ಗೂಟದಿಂದ ಎಂಬುದು ಊರಿಗೇ ಗೊತ್ತಿತ್ತು. ಹಲ್ಲಿನ ಸೆಟ್ಟು ಕೂರಿಸಬೇಕಾದರೆ ಗೂಟ ಕೀಳಬೇಕು ಎಂಬುದನ್ನು ದಾವಣಗೆರೆಯ ಹಲ್ಲಿನ ಡಾಕ್ಟರು ಹೇಳಿದರು. ಈ ಎರಡು ಸಂಗತಿಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಮಾಲೀಕರು ಆ ವಾರ ಮುಂದಿನ ಕ್ಯಾಂಪಿನ ಜಾಗ ನೋಡಲು ನ್ಯಾಮತಿಗೆ ಹೋಗಿದ್ದರು. ಸ್ವತಃ ಸಿದ್ದಪ್ಪ ಮಾಮ ಯಾಕೆ ಯೋಚಿಸಲಿಲ್ಲ ಎಂದು ನೀವು ಕೇಳಬಹುದು. ಅವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಹಲ್ಲು ಕೀಳಿಸಲು ಬಸ್ಸು ಹತ್ತುವಾಗ ಅವ್ವನಿಗೆ ಮೆಲ್ಲಗೆ ಹೇಳಿದ್ದರಂತೆ, "ಅಕ್ಕಾ, ಹಲ್ಲು ಬಂದ್ರೆ ಮಾಲೀಕರನ್ನ ಇನ್ನೊಂದ್ಸಲ ರಾಜನ ಪಾರ್ಟು ಕೇಳಿ ನೋಡ್ತೀನಿ."

ದಾವಣಗೆರೆಯಲ್ಲಿ ಮೂರು ಹಲ್ಲೂ ಒಂದೇ ದಿನ ಬಿದ್ದವು. ಒಸಡು ಮಾಗಬೇಕು, ಅಳತೆ ತೆಗೆಯಬೇಕು ಎಂದು ಕೆಲವು ವಾರ ಹಿಡಿಯಿತು. ಅಷ್ಟು ದಿನ ಹಾಸ್ಯಗಾರರಿಗೆ ಹುಷಾರಿಲ್ಲ ಎಂದು ಕಂಪನಿ ಬರೀ ಪೌರಾಣಿಕ ಆಟ ಆಡಿತು. ಜನ ದೇವರನ್ನು ಭಕ್ತಿಯಿಂದ ನೋಡಿ, ಸಿದ್ದಪ್ಪ ಯಾವಾಗ ಬರ್ತಾನೆ ಎಂದು ಗೇಟಿನಲ್ಲಿ ಕೇಳಿ ಹೋಗುತ್ತಿದ್ದರು.

ಸನ್ಮಾನದ ದಿನ ಹೊನ್ನಾಳಿ ಹೊನ್ನಾಳಿಯಾಗಿರಲಿಲ್ಲ. ಹಿತ್ತಾಳೆ ಹರಿವಾಣದಲ್ಲಿ ಶಾಲು, ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ನಡುವೆ ಮಲ್ಲಿಗೆ ದಂಡೆ ಸುತ್ತಿದ ಗಾಜಿನ ಬಟ್ಟಲಿನಲ್ಲಿ ಹಲ್ಲಿನ ಸೆಟ್ಟು. ಕೊಡುವ ಮುಂಚೆ ಹರಿವಾಣವನ್ನು ಮುಂದಿನ ಸಾಲಿನವರೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೆಲವರು ಹರಿವಾಣದ ಬದಲು ಹಲ್ಲನ್ನೇ ಮುಟ್ಟಿದರು. ಆಮೇಲೆ ಬಿಸಿನೀರಲ್ಲಿ ತೊಳೆದರಂತೆ, ನನಗೆ ಸರಿಯಾಗಿ ಗೊತ್ತಿಲ್ಲ. ಅಪ್ಪ ಮೈಕಿನಲ್ಲಿ, "ಇಷ್ಟು ವರ್ಷ ನಮ್ಮ ಹಲ್ಲು ಕಾಣೋ ಹಂಗೆ ಮಾಡಿದೋರಿಗೆ ಇದು ನಮ್ಮೂರ ಕಾಣಿಕೆ" ಎಂದರು. ಆ ಮಾತನ್ನು ಮೂರು ದಿನದಿಂದ ಕನ್ನಡಿಯ ಮುಂದೆ ಹೇಳಿಕೊಳ್ಳುತ್ತಿದ್ದುದು ಮನೆಯವರಿಗೆ ಮಾತ್ರ ಗೊತ್ತು. ಮಾಮ ಹಲ್ಲು ಹಾಕಿಕೊಂಡು ಜನರ ಕಡೆ ತಿರುಗಿ ನಕ್ಕರು. ಎಷ್ಟು ಚೆನ್ನಾಗಿ ಕಂಡರೆಂದರೆ ಯಾರೋ ಇವರ್ಯಾರು ಎಂದು ಕೇಳಿದರು.

ಮಾರನೆಯ ದಿನ ಶಾನುಭೋಗನ ಆಟ. ಒಳಗೆ ಒಬ್ಬರ ಮೇಲೊಬ್ಬರು ಕೂತಿದ್ದರು. ಛತ್ರಿ ಬಂತು, ನಾಕು ಹೆಜ್ಜೆ ಬಂತು. "ಸಾವಿತ್ರೀ, ಸೊಪ್ಪಿನ ಸಾರು ಸೋಸಿದ್ಯಾ?" ಒಂದೊಂದು ಅಕ್ಷರವೂ ಸ್ಪಷ್ಟ, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಯಾರೂ ನಗಲಿಲ್ಲ. ಸೊಪ್ಪಿನ ಸಾರು ಸೋಸಿದೆಯಾ ಎಂದು ಒಬ್ಬ ಮನುಷ್ಯ ಹೆಂಡತಿಯನ್ನು ಕೇಳಿದರೆ ಅದರಲ್ಲಿ ನಗುವುದೇನಿದೆ ಹೇಳಿ. ಸಾವಿತ್ರಿ ಪಾತ್ರದ ನಟಿ ನಗು ನಿಲ್ಲಲೆಂದು ರೂಢಿಯಂತೆ ಕಾದು ನಿಂತರು. ನಿಲ್ಲುವುದಕ್ಕೆ ನಗುವೇ ಇರಲಿಲ್ಲ. ಕೊನೆಗೆ ನಮ್ಮಪ್ಪ ಜೋರಾಗಿ ಚಪ್ಪಾಳೆ ತಟ್ಟಿದರು, ಬೆಂಚಿನ ಸಭೆಯವರು ಹಿಂಬಾಲಿಸಿದರು. ಹಾಸ್ಯಗಾರನಿಗೆ ಚಪ್ಪಾಳೆ ಮಾತ್ರ ಬಂದರೆ ಅದು ಅವನಿಗೆ ಎಷ್ಟು ದೊಡ್ಡ ಅವಮಾನ ಎಂದು ನನಗೆ ಆವತ್ತು ತಿಳಿಯಿತು.

ವಾರವಿಡೀ ಹಾಗೇ ಆಯಿತು. ಸಿಳ್ಳೆ ಹೋಯ್ತಂತೆ ಎಂಬ ಸುದ್ದಿ ನ್ಯಾಮತಿ, ಸಾಸ್ವೆಹಳ್ಳಿಯವರೆಗೂ ಹೋಗಿ ಗಾಡಿ ಕಟ್ಟಿಕೊಂಡು ಬರುವವರು ನಿಂತರು. ಮಾಮ ಒಂದು ದಿನ ಹಲ್ಲು ಬಿಚ್ಚಿಟ್ಟು ಹೇಳಿ ನೋಡಿದರು. ಗೂಟ ಇಲ್ಲವಲ್ಲ, ಪುಸ್ ಎಂದು ಬರೀ ಗಾಳಿ ಬಂತು. ನಮ್ಮಪ್ಪ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ಕಿತ್ತ ಹಲ್ಲು ಕೊಡಿ, ಅದನ್ನೇ ಇನ್ನೊಮ್ಮೆ ಕೂರಿಸಿ ಎಂದು ಡಾಕ್ಟರನ್ನು ಕೇಳಿದರಂತೆ. ಟೈರಿನಿಂದ ತೆಗೆದ ಮೊಳೆಯನ್ನೂ ಡಬ್ಬದಲ್ಲಿ ಎತ್ತಿಡುವ ಮನುಷ್ಯ, ಆಸ್ಪತ್ರೆಯಲ್ಲಿ ಹಲ್ಲು ಎಸೆಯುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ.

ಮಂಗಳವಾರ ಕಂಪನಿಯ ಮಾಲೀಕರು ನಮ್ಮ ಶಾಪಿಗೆ ಬಂದರು. ಬಿಳಿ ಪಂಚೆ, ಕರಿ ಕೋಟು, ದನಿ ಎತ್ತಿ ಮಾತಾಡುವವರಲ್ಲ. ಬೆಂಚಿನ ಮೇಲೆ ಕೂತು ಅಪ್ಪ ಕೊಟ್ಟ ಸೋಡಾ ಮುಗಿಸಿ ಬಾಟಲಿ ಕೆಳಗಿಟ್ಟರು.

"ನೀವು ಪುಣ್ಯದ ಕೆಲ್ಸ ಮಾಡಿದ್ರಿ ಅಣ್ಣಾರೆ, ಇಲ್ಲ ಅನ್ನಲ್ಲ" ಎಂದರು. "ಆದ್ರೆ ನನ್ನ ಕಂಪನಿ ಹಾಸ್ಯಗಾರನ್ನ ಕೀಳಿಸಿ ಡಾಕ್ಟ್ರ ತೊಟ್ಟಿಗೆ ಹಾಕ್ಸಿದ್ರಿ. ಜಗಳೂರಾಗೆ ಒಬ್ಬ ಹುಡುಗ ಅದಾನೆ, ಚಲೋ ನಗಿಸ್ತಾನಂತೆ. ಶುಕ್ರವಾರದ ಆಟ ಒಂದು ನೋಡ್ತೀನಿ. ಜನ ನಕ್ರೆ ಸರಿ. ಇಲ್ದಿದ್ರೆ ಶನಿವಾರ ಅವನ್ನ ಕರೆಸ್ತೀನಿ, ಸಿದ್ದಪ್ಪ ಊರಿಗೆ ಹೋಗ್ಲಿ. ನಂಗೂ ಸಂಕಟ ಐತ್ರಿ, ಮೂವತ್ತು ಜನ ಉಣ್ಬೇಕು."

ಅಪ್ಪ ಆವತ್ತು ಊಟ ಮಾಡಲಿಲ್ಲ. ಬುಧವಾರ ಬೆಳಗ್ಗೆ ರೊಟ್ಟಿಯೂ ಬೇಡವೆಂದರು. ಪಡಸಾಲೆಯಲ್ಲಿ ಅಪ್ಪ ಒಂದು ಕಂಬಕ್ಕೆ, ಮಾಮ ಇನ್ನೊಂದು ಕಂಬಕ್ಕೆ ಒರಗಿ ಕೂತಿದ್ದರು. "ನನ್ನ ಕೈಯಾರೆ ನಿಮ್ಮ ಹೊಟ್ಟೆ ಮೇಲೆ ಹೊಡ್ದೆ ಸಿದ್ದಪ್ಪನೋರೆ" ಎಂದು ಅಪ್ಪ ಅಂದರೆ, "ನಾನೇ ಬಾಯಿ ತೆಗ್ದು ಕೊಟ್ನಲ್ಲ ಅಣ್ಣಾ, ನಿಮ್ದೇನು ತಪ್ಪು" ಎಂದು ಮಾಮ ಸ್ಪಷ್ಟವಾದ ಕನ್ನಡದಲ್ಲಿ ಹೇಳುತ್ತಿದ್ದರು. ಆ ಸ್ಪಷ್ಟತೆ ಕೇಳಿ ಅಪ್ಪ ಇನ್ನಷ್ಟು ತಲೆ ತಗ್ಗಿಸುತ್ತಿದ್ದರು.

ಆಗ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಗಿರಿಜಾ, ಬಚ್ಚಲಮನ್ಯಾಗೆ ಮಾಡ್ತೀಯಲ್ಲ, ಅದನ್ನ ಇಲ್ಲಿ ಮಾಡು" ಎಂದರು.

ನನ್ನ ಜೀವ ಹೋಯಿತು. ನಾನು ಆಗ ಒಂಬತ್ತನೇ ಕ್ಲಾಸು. ನೋಡಿದವರ ಹಾಗೆ ಮಾಡಿ ತೋರಿಸುವ ಚಟ ನನಗೆ ಮೊದಲಿನಿಂದಲೂ ಇತ್ತು. ಹಿಂದಿನ ವರ್ಷ ನಮ್ಮ ಹೆಡ್‌ಮೇಡಂ ನಡೆಯುವ ಹಾಗೆ ಕ್ಲಾಸಿನಲ್ಲಿ ನಡೆದು ತೋರಿಸುತ್ತಿದ್ದಾಗ ಎಲ್ಲರೂ ನಗುವುದು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ. ದೂರು ಮನೆಗೆ ಬಂತು. ಹೆಣ್ಣುಹುಡುಗಿ ಕೋಡಂಗಿ ಆಟ ಆಡಿದರೆ ಶಾಲೆ ಬಿಡಿಸುತ್ತೇನೆ ಎಂದು ಅಪ್ಪ ಹೇಳಿದ್ದರು. ಅಪ್ಪ ಹೇಳಿದರೆ ಮಾಡುವವರೇ. ಆದ್ದರಿಂದ ನನ್ನ ಕಲೆಯೆಲ್ಲ ಬಚ್ಚಲಮನೆಗೆ ಸ್ಥಳಾಂತರವಾಗಿತ್ತು. ಅಲ್ಲಿ ಹಂಡೆಯ ಮುಂದೆ ಚೊಂಬನ್ನೇ ಛತ್ರಿಯ ಹಾಗೆ ಹಿಡಿದು ಎಷ್ಟು ಸಲ ಸೊಪ್ಪಿನ ಸಾರು ಸೋಸಿದ್ದೆನೋ ಲೆಕ್ಕವಿಲ್ಲ. ಅವ್ವನಿಗೆ ಕೇಳಿಸುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡುತ್ತಿದ್ದರು. ಶಾಲೆ ಹೋದರೆ ಹೋಯಿತು ಎಂದು ಕಣ್ಣು ಮುಚ್ಚಿ ಹೇಳಿಬಿಟ್ಟೆ. "ಸಾವಿತ್ರೀ, ಸೊಪ್ಪಿನ ಸಾರು ಸೋಸಿದ್ಯಾ?" ಐದಕ್ಕೆ ಐದೂ ಸಿಳ್ಳೆ ಬಂದವು.

ಮಾಮ ದಡಕ್ಕನೆ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. "ಎಲ್ಲಿ, ಬಾಯಿ ತೆಗಿ" ಎಂದರು. ತೆಗೆದೆ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಮೇಲಿನ ಸಾಲು, ಕೆಳಗಿನ ಸಾಲು ಎಲ್ಲ ನೋಡಿದರು. ಎತ್ತಿನ ವ್ಯಾಪಾರದಲ್ಲೂ ಅಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ ನಿಧಾನವಾಗಿ ಹೇಳಿದರು:

"ಅಣ್ಣಾ, ಈ ಹುಡುಗಿಗೆ ಎಲ್ಲಾ ಹಲ್ಲು ಅದಾವೆ."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಳಗೆ ಬಂದು ನಾಕು ರೊಟ್ಟಿ ತಿಂದರು. ಬಾಯಿ ತುಂಬ ಹಲ್ಲಿಟ್ಟುಕೊಂಡು ನಾನು ಸಿಳ್ಳೆ ಹಾಕಬಲ್ಲೆನಾದರೆ ಮಾಮ ಯಾಕೆ ಹಾಕಬಾರದು?

ಬುಧವಾರ, ಗುರುವಾರ ಎರಡೂ ದಿನ ಶಾಪಿನ ಹಿಂದಿನ ಶೆಡ್ಡಿನಲ್ಲಿ ಪಾಠ ನಡೆಯಿತು. ಊರಿಗೆಲ್ಲ ಹೆಸರಾದ ಹಾಸ್ಯಗಾರರು ಹಳೆ ಟೈರಿನ ಮೇಲೆ ಕೂತು ಕಲಿಯುವುದು, ನಾನು ಎರಡು ಜಡೆ ಹಾಕಿಕೊಂಡು ಕಲಿಸುವುದು. ಬೆಂಚಿನ ಸಭೆಯವರು ಯಾರನ್ನೂ ಆ ಕಡೆ ಬಿಡಲಿಲ್ಲ. ನಾಲಿಗೆಯ ಎಡದ ಅಂಚನ್ನು ಮೇಲಿನ ಹಲ್ಲಿಗೆ ಒತ್ತಬೇಕು, ಕೆನ್ನೆ ಒಳಗೆ ಎಳೆದುಕೊಳ್ಳಬೇಕು, ಗಾಳಿಯನ್ನು ಬಾಯಿಯ ಮೂಲೆಯಿಂದ ಬಿಡಬೇಕು. ಹೇಳುವುದಕ್ಕೆ ಇಷ್ಟೇ. ಮಾಮನಿಗೆ ಮೊದಲ ದಿನವೆಲ್ಲ ಎಂಜಲು ಸಿಡಿಯಿತೇ ಹೊರತು ಸಿಳ್ಳೆ ಬರಲಿಲ್ಲ. ಗುರುವಾರ ಮಧ್ಯಾಹ್ನ ಬಂತು. ಆದರೂ ನನಗೆ ಸರಿಯೆನಿಸಲಿಲ್ಲ. ಮೇಷ್ಟರ ಗತ್ತು ಬಂದುಬಿಟ್ಟಿತ್ತಲ್ಲ, ಹೇಳಿಯೇಬಿಟ್ಟೆ.

"ಸಿಳ್ಳೆ ಬಂತು ಮಾಮ, ಆದ್ರೆ ನೀವು ಹೆದರ್ಲೇ ಇಲ್ಲ."

"ನಾನ್ಯಾಕೆ ಹೆದರ್ಬೇಕು?"

"ಮೊದ್ಲು ಹೆದರ್ತಿದ್ರಿ. ಸ ಬರಾಕೆ ಮುಂಚೇನೇ ಕಣ್ಣು ಅಗಲ ಮಾಡ್ತಿದ್ರಿ. ಬಾಯಿ ಮುಚ್ಕಳಾಕೆ ಅಂತ ಕೈ ಎತ್ತಿ, ಆಮೇಲೆ ಎತ್ತಿದ ಕೈ ಎಲ್ಲಿಡ್ಬೇಕು ಗೊತ್ತಾಗ್ದೆ ಕಿವಿ ಕೆರ್ಕಂತಿದ್ರಿ. ಹಿಂಗೆ." ಮಾಡಿ ತೋರಿಸಿದೆ. "ಜನ ಸಿಳ್ಳೆಗಲ್ಲ ಮಾಮ, ಅದಕ್ಕೇ ನಗ್ತಿದ್ದಿದ್ದು."

ಮಾಮ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ನಾನು ಏನೋ ತಪ್ಪು ಮಾತಾಡಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. "ಆ ಕೈ ಯಾರಿಗೂ ಕಾಣ್ತಿಲ್ಲ ಅಂದ್ಕಂಡಿದ್ದೆ ಕಣವ್ವ" ಎಂದರು. ರಾಜನಾಗಿದ್ದ ಮನುಷ್ಯ, ಬೋಳು ಬಾಯಿ ತೋರಿಸಲು ನಾಚಿಕೆಯಾಗಿ ದಿನಾ ಮುಚ್ಚಿಕೊಳ್ಳಲು ಹೋಗುತ್ತಿದ್ದರು, ಜನ ಅದನ್ನೇ ಕಲೆ ಎಂದುಕೊಂಡು ನಗುತ್ತಿದ್ದರು ಎಂದು ನನಗೆ ಹೊಳೆಯಲು ನಾನು ಇನ್ನೂ ಎಷ್ಟೋ ವರ್ಷ ದೊಡ್ಡವಳಾಗಬೇಕಾಯಿತು. ಆಗ ನನಗೆ ಪಾಠ ಮುಗಿಸುವ ಅವಸರ. ಇನ್ನೊಂದ್ಸಲ ಮಾಡ್ರಿ ಮಾಮ ಎಂದೆ. ಅವರು ಎದ್ದು ನಿಂತು ಮಾಡಿದರು.

ಶುಕ್ರವಾರ ಸಂಜೆ ಥಿಯೇಟರು ಅರ್ಧ ತುಂಬಿತ್ತು. ಅಪ್ಪ ಮುಂದಿನ ಸಾಲಿನಲ್ಲಿ ಪರೀಕ್ಷೆಗೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಾನು ಹೆಂಗಸರ ಕಡೆ ಅವ್ವನ ಪಕ್ಕ. ಪರದೆಯ ಮರೆಯಲ್ಲಿ ಮಾಲೀಕರ ಕರಿ ಕೋಟಿನ ತೋಳು ಕಾಣುತ್ತಿತ್ತು. ಛತ್ರಿ ಬಂತು. ನಾಕು ಹೆಜ್ಜೆ ಬಂತು. ಮಾಮ ಬಾಯಿ ತೆರೆದವರು ಹಾಗೇ ನಿಂತರು. ಸ ಬರುತ್ತದೋ ಇಲ್ಲವೋ ಎಂದು ನಿಜವಾಗಿಯೂ ಹೆದರಿಬಿಟ್ಟಿದ್ದರು. ಕಣ್ಣು ಅಗಲವಾಯಿತು. ಕೈ ಮೇಲೆದ್ದಿತು. ಬಾಯಿಯ ಹತ್ತಿರ ಬಂದು ದಾರಿ ತಪ್ಪಿ ಕಿವಿಗೆ ಹೋಯಿತು.

ಹಿಂದಿನ ನೆಲದ ಸಾಲಿನಿಂದ ಒಂದು ನಗು ಬಂತು. ಇನ್ನೂ ಮಾತೇ ಆಡಿಲ್ಲ, ನಗು ಬಂತು. ಅದು ಮುಂದಕ್ಕೆ ಹಬ್ಬುತ್ತಿದ್ದಂತೆ "ಸಾವಿತ್ರೀ" ಎಂದು ಮೊದಲ ಸಿಳ್ಳೆ ಹೊರಟಿತು. ಆಮೇಲಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ತಗಡು ನಡುಗಿತು. ಸಾವಿತ್ರಿ ಪಾತ್ರದವರು ನಗು ನಿಲ್ಲಲೆಂದು ಕಾದು ಕಾದು ತಾವೇ ನಕ್ಕುಬಿಟ್ಟರು. ದೀಪದ ಬೆಳಕಿಗೆ ಹೊನ್ನಾಳಿಯ ಹಲ್ಲು ಪಳಪಳ ಹೊಳೆಯುತ್ತಿತ್ತು, ನಡುವೆ ಹಳೆಯ ಸಿಳ್ಳೆ ಬರುತ್ತಿತ್ತು. ನಮ್ಮಪ್ಪ ಮಾತ್ರ ನಗಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಆಮೇಲೆ ಪಕ್ಕದವರ ತೊಡೆಗೆ ಪಟಾರನೆ ಹೊಡೆದು, "ಹಲ್ಲು ನಮ್ದು ಕಣ್ರಯ್ಯಾ" ಎಂದರು.

ಜಗಳೂರಿನ ಹುಡುಗ ಜಗಳೂರಿನಲ್ಲೇ ಉಳಿದ. ಮುಂದೆ ಅವನೂ ದೊಡ್ಡ ಹೆಸರು ಮಾಡಿದ, ಎಂಬತ್ತರ ದಶಕದಲ್ಲಿ ಅವನ ಆಟಕ್ಕೂ ನಾನು ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದೇನೆ. ಚೆನ್ನಾಗಿ ನಗಿಸುತ್ತಿದ್ದ, ಆದರೆ ಅವನು ಯಾವುದಕ್ಕೂ ಹೆದರುತ್ತಿರಲಿಲ್ಲ. ಇರಲಿ, ಇದು ನನ್ನ ಶಿಷ್ಯನ ಮೇಲಿನ ಪಕ್ಷಪಾತ. ಸಿದ್ದಪ್ಪ ಮಾಮ ರಾಜನ ಪಾರ್ಟನ್ನು ಮತ್ತೆ ಕೇಳಲಿಲ್ಲ. ಕ್ಯಾಂಪು ಮುಗಿಯುವವರೆಗೂ ಥಿಯೇಟರು ತುಂಬಿತು.

ಕಂಪನಿ ನ್ಯಾಮತಿಗೆ ಹೊರಟ ದಿನ ಬೆಳಗ್ಗೆ ಲಾರಿಗೆ ತಗಡು ಹೇರುತ್ತಿದ್ದರು. ಮಾಮ ಟ್ರಂಕು ಕೊಟ್ಟು ಕಳಿಸಿ, ಹೇಳಿ ಹೋಗಲು ನಮ್ಮ ಮನೆಗೆ ಬಂದರು. ಅಪ್ಪನ ಕೈ ಹಿಡಿದುಕೊಂಡರು, ಅವ್ವನಿಗೆ ನಮಸ್ಕಾರ ಮಾಡಿದರು. ಆಮೇಲೂ ಹೊರಡಲಿಲ್ಲ. ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತು ನನ್ನನ್ನು ಕರೆದರು.

"ಗಿರಿಜವ್ವ, ಇನ್ನೊಂದ್ಸಲ ಮಾಡಿ ತೋರ್ಸು."

"ಈಗ ನಿಮಗೆ ಬರ್ತೈತಲ್ಲ ಮಾಮ."

"ಕಲಿಯಾಕಲ್ಲವ್ವ, ನೋಡಾಕೆ."

ನಾನು ಅಪ್ಪನ ಕಡೆ ನೋಡಿದೆ. ಶೆಡ್ಡಿನ ಪಾಠ ಕಷ್ಟಕಾಲದ್ದು, ಇದು ಬೀದಿ, ನಾಕು ಜನ ಓಡಾಡುವ ಹೊತ್ತು. ಅಪ್ಪ ಒಳಗೆ ಹೋಗಿ ತಮ್ಮ ಛತ್ರಿ ತಂದು ನನ್ನ ಕೈಗೆ ಕೊಟ್ಟು, "ಮಾಡವ್ವ" ಎಂದರು. ಸಿದ್ದಪ್ಪ ಮಾಮ ಬೆಂಚಿನ ನಡುವೆ ಹೋಗಿ ಕೂತು, ಪಂಚೆ ಸರಿಮಾಡಿಕೊಂಡು, ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡರು.

ನಾನು ಛತ್ರಿ ಹಿಡಿದು ಸೈಕಲ್‌ಗಳ ನಡುವಿನಿಂದ ಬಂದೆ. ನಾಕು ಹೆಜ್ಜೆ ಹಾಕಿದೆ. ಕಣ್ಣು ಅಗಲ ಮಾಡಿದೆ. ಕೈ ಎತ್ತಿದೆ, ಕಿವಿ ಕೆರೆದುಕೊಂಡೆ. ಸಾವಿತ್ರಿಯನ್ನು ಕರೆದೆ, ಸೊಪ್ಪಿನ ಸಾರು ಕೇಳಿದೆ. ಅಷ್ಟು ತಿಂಗಳು ನಮ್ಮ ಪಕ್ಕದಲ್ಲಿದ್ದ ಮನುಷ್ಯ ಒಂದು ದಿನವೂ ಬಾಯಿ ಬಿಟ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮೊದಲು ಮೀಸೆಯಲ್ಲಿ ನಕ್ಕರು. ಆಮೇಲೆ ದನಿ ಬಂತು. ಆಮೇಲೆ ಹಲ್ಲು ಬಿದ್ದುಹೋಗುತ್ತದೆಂದು ಅಂಗೈಯಲ್ಲಿ ಬಾಯಿ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಅಪ್ಪನ ಹೆಗಲ ಮೇಲೆ ವಾಲಿ ನಕ್ಕರು. ಸಾಕು ಸಾಕು ಎಂದು ಕೈಯಾಡಿಸಿದರು, ನಾನು ನಿಲ್ಲಿಸಿದರೆ ಇನ್ನೊಂಚೂರು ಎಂದರು.

ಲಾರಿಯವನು ಹಾರ್ನ್ ಹೊಡೆಯತೊಡಗಿದ. ಮಾಮ ಕಣ್ಣೊರೆಸಿಕೊಂಡು ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇಪ್ಪತ್ತು ವರ್ಷದಿಂದ ಊರೂರೋರೆಲ್ಲ ಸಿದ್ದಪ್ಪನ್ನ ನೋಡಿ ಬಂದ್ರು ಕಣವ್ವ" ಎಂದರು. "ನಂಗೊಬ್ಬಂಗೇ ಟಿಕೆಟ್ ಸಿಕ್ಕಿರ್ಲಿಲ್ಲ."